ಪೆಟ್ಟಿಗೆಯಲ್ಲಿ ಉಳಿದ ಮಸೂರ

ಪೆಟ್ಟಿಗೆಯಲ್ಲಿ ಎರಡು ಗೂಡು. ಒಂದರಲ್ಲಿ ಮಸೂರ. ಇನ್ನೊಂದು ಖಾಲಿ.

"ಅಸಲಿ ಮಾಲೇ ಹೋಯ್ತಂತೆ ಅತ್ತೆ! ಅಪ್ಪ ಅರೆದ ಅವರ್ಣಕ ಮಸೂರ!" ಮಸೂರದಂಗಡಿ ಯಜಮಾನನ ಮಗಳು ಬಾಗಿಲಲ್ಲೇ ಸೋದರತ್ತೆಯ ಕೈ ಹಿಡಿದುಕೊಂಡಳು.

ಅತ್ತೆ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಕಣ್ಣಿನ ಆಪರೇಷನ್ ಮಾಡಿಸಿಕೊಂಡ ಅಣ್ಣನನ್ನು ನೋಡಲು ಕಿತ್ತಳೆ ಹಿಡಿದು ಬಂದಿದ್ದಳು. ಚೀಲ ಕೆಳಗಿಡುವ ಮೊದಲೇ ಹಳೆಯ ಚಾಳಿ ತಲೆಯೆತ್ತಿತು.

"ಅಳೋದು ಆಮೇಲೆ. ಬೆಳಗಿನಿಂದ ಈ ಕಡೆ ಬಂದವರು ಯಾರ್ಯಾರು?"

ಮೂವರು. ಪೆಟ್ಟಿಗೆ ಒರೆಸಿ ಮೇಜಿನ ಮೇಲಿಟ್ಟ ಪಾಲಿಶ್ ಕೆಲಸದ ಹೆಂಗಸು. ಮಸೂರ ಒಯ್ಯಲು ಬಂದು ಮುಂದಿನ ಕೋಣೆಯಲ್ಲಿ ಕಾದಿದ್ದ ಖಗೋಳ ವೀಕ್ಷಣಾಲಯದ ಮೇಲ್ವಿಚಾರಕ. ಮತ್ತೆ ಮನೆಯ ಅಳಿಯ. ಮಗಳು ಆಗ ಮಹಡಿಯಲ್ಲಿ ಅಪ್ಪನ ಹತ್ತಿರವಿದ್ದಳು.

ಇವತ್ತು ಮಸೂರ ಕೈಸೇರದಿದ್ದರೆ ವೀಕ್ಷಣಾಲಯ ಬೇರೆ ಅಂಗಡಿ ನೋಡಿಕೊಳ್ಳುತ್ತದೆ. ಇರುವ ಒಂದೇ ದೊಡ್ಡ ಗಿರಾಕಿ ಅದು. ಆಮೇಲೆ ಇಲ್ಲಿಗೆ ಬೀಗವೇ ಗತಿ.

"ಪಾಲಿಶ್‌ನವಳನ್ನ ಹಿಂದಿನ ಕೋಣೇಲಿ ಕೂರಿಸಿದ್ದೀನಿ," ಎಂದ ಅಳಿಯ. "ಪೊಲೀಸಿಗೆ ಕೊಟ್ಟು ಕೈತೊಳ್ಕೊಳ್ಳೋಣ. ಮಾವನೋರಿಗೂ ಸಾಕಾಗಿದೆ. ಅಂಗಡಿ ಮುಚ್ಚೋಕೆ ಇದೇ ಸಮಯ ಅನ್ನಿ."

"ಇರಿ ಅಳಿಯಂದ್ರೇ, ಅಷ್ಟೇನು ಅವಸರ? ಹೋಗಿದ್ದು ಅಸಲಿದೇ ಅಂತ ಹೇಗೆ ಹೇಳ್ತೀರಿ?"

"ಕಣ್ಣಿಗೆ ಕಾಣಲ್ವೇ? ಉಳಿದಿರೋದು ಹಳದಿ ಹೊಡೀತಿದೆ. ಅವರ್ಣಕ ಅಂದ್ರೆ ಬಣ್ಣ ಇಲ್ಲದ್ದು ತಾನೆ? ಹೋಗಿರೋದು ನೀರಿನ ಹಾಗಿತ್ತು!"

ಅತ್ತೆ ಮಸೂರವನ್ನು ಎತ್ತಿ ನೋಡಿದಳು. ಹಿತ್ತಾಳೆಯ ಬಳೆಯೊಳಗೆ ಗಾಜು. ಹೌದು, ತೆಳ್ಳಗೆ ಹಳದಿ. ಮಾತು ಸರಿಯಾಗಿಯೇ ಇತ್ತು. ಆದರೂ ಒಳಗೊಳಗೇ ಏನೋ ಕೊರೆಯಿತು.

ಹಿಂದಿನ ಕೋಣೆಯಲ್ಲಿ ಪಾಲಿಶ್‌ನ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ನೀನು ಇಟ್ಟಾಗ ಎರಡೂ ಇತ್ತೇನಮ್ಮ?"

"ಇತ್ತಮ್ಮ, ನನ್ನ ಮಕ್ಕಳಾಣೆಗೂ ಇತ್ತು! ಅಳಿಯಂದ್ರು ಕಳುವಾಯ್ತು ಅಂತ ಕೂಗಿದ್ರು, ಇಲ್ಲಿ ತಂದು ಕೂಡಿಹಾಕಿದ್ರು. ಯಾವ್ದು ಹೋಗಿದೆ ಅಂತ ನೋಡೋಕೂ ಬಿಡ್ಲಿಲ್ಲ."

"ನಿಮ್ಮನ್ನ ನೋಡೋಕೆ ಬಿಟ್ರಾ?" ಅತ್ತೆ ಮುಂದಿನ ಕೋಣೆಗೆ ಬಂದು ಮೇಲ್ವಿಚಾರಕನನ್ನು ಕೇಳಿದಳು.

"ನನ್ನನ್ನೂ ಅವರು ಪೆಟ್ಟಿಗೆ ಇರೋ ಕೋಣೆ ಬಾಗಿಲಲ್ಲೇ ತಡೆದ್ರು ಮೇಡಂ. ಅದಕ್ಕೆ ಮುಂಚೆ ಒಬ್ನೇ ಕೂತಿದ್ದೆ, ಬಾಗಿಲು ತೆರೆದೇ ಇತ್ತು. ಅನುಮಾನ ಪಡೋದಾದ್ರೆ ಪಡಿ."

ಅತ್ತೆ ಮಹಡಿ ಹತ್ತಿದಳು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಣ್ಣ ಹಾಸಿಗೆಯಲ್ಲಿ ಒರಗಿದ್ದ. ನೋಟ ಮಂಜಾಗುವ ಮುನ್ನ ಅವನು ಅರೆದ ಕೊನೆಯ ಮಸೂರ ಅದು.

"ಅಣ್ಣಾ, ಅವರ್ಣಕ ಅಂದ್ರೆ ಬಣ್ಣ ಇಲ್ಲದ ಗಾಜಾ?"

"ಥೂ, ಗಾಜಿನ ಮೈಬಣ್ಣ ಯಾರು ಕೇಳಿದ್ರು!" ಅಣ್ಣ ಎದ್ದೇ ಕೂತ. "ಒಂಟಿ ಗಾಜು ಬೆಳಕನ್ನ ಬಣ್ಣಬಣ್ಣವಾಗಿ ಒಡೆಯುತ್ತೆ. ನೋಡಿದ್ದಕ್ಕೆಲ್ಲ ನೇರಳೆ, ನೀಲಿ ಅಂಚು ಕಟ್ಟುತ್ತೆ. ಎರಡು ಜಾತಿ ಗಾಜು ಜೋಡಿಸಿದ್ರೆ, ಒಂದು ಒಡೆದದ್ದನ್ನ ಇನ್ನೊಂದು ಕೂಡಿಸುತ್ತೆ. ಕಾಣೋ ಬಿಂಬಕ್ಕೆ ಬಣ್ಣದ ಅಂಚು ಇರಬಾರದು. ಅದು ಅವರ್ಣಕ! ಪೆಟ್ಟಿಗೇಲಿ ಅದರ ಪಕ್ಕ ಒಂಟಿ ಗಾಜಿನದ್ದು ಯಾಕಿಡ್ತೀನಿ ಮತ್ತೆ? ಎರಡನ್ನೂ ಹಾಕಿ ನೋಡಿ ಗಿರಾಕಿ ವ್ಯತ್ಯಾಸ ತಿಳ್ಕೊಳ್ಳಲಿ ಅಂತ."

ಅತ್ತೆ ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಹಳದಿ ಮಸೂರವನ್ನು ಕಿಟಕಿಯ ಬಳಿಯ ದೂರದರ್ಶಕಕ್ಕೆ ಸಿಕ್ಕಿಸಿ, ಎದುರು ಮಾಳಿಗೆಯ ತಂತಿಯತ್ತ ತಿರುಗಿಸಿದಳು. ಬೆಳ್ಳನೆ ಆಕಾಶ. ಕಪ್ಪು ತಂತಿ. ಅಂಚಿನಲ್ಲಿ — ಏನೂ ಇಲ್ಲ!

"ಎಲ್ಲರೂ ಬನ್ನಿ! ಆ ಹೆಂಗಸನ್ನೂ ಕರೀರಿ!"

ಮೇಲ್ವಿಚಾರಕ ಕಣ್ಣಿಟ್ಟ. "ಅಬ್ಬಾ! ಇದೇ ಮೇಡಂ, ನಾವು ಕೇಳಿದ್ದು ಇದೇ!"

"ಇದೇ. ಕಳ್ಳ ಅವರ್ಣಕ ಬಿಟ್ಟು ಒಂಟಿ ಗಾಜು ಹೊತ್ತೊಯ್ದ. ಅಂಥ ಎಡವಟ್ಟು ಮಾಡೋರು ಯಾರು? ಇವಳು ಎರಡನ್ನೂ ದಿನಾ ಕೈಯಲ್ಲಿ ಹಿಡಿಯೋಳು — ಮಾಡಲ್ಲ. ಇವರು ಮಸೂರ ನೋಡೋದೇ ಕಸುಬಾದವರು — ಮಾಡಲ್ಲ. ಈ ಕೊಳವೆಗೆ ಒಂದು ದಿನವೂ ಕಣ್ಣಿಡದೆ, ಹೆಸರು ಕೇಳಿ ನೀರಿನ ಹಾಗಿರೋದನ್ನ ಎತ್ಕೊಂಡವರು ಒಬ್ಬರೇ. ಉಳಿದದ್ದನ್ನ ಗೊತ್ತಿರೋ ಇಬ್ಬರಿಗೂ ನೋಡೋಕೆ ಬಿಡದವರೂ ಅವರೇ. ಅಲ್ವೇ ಅಳಿಯಂದ್ರೇ?"

"ಆದ್ರೆ... ಆ ಹಳದಿದು ಅಸಲಿನಾ?" ಅಳಿಯನ ಕೈ ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು.

ಹೆಂಡತಿ ಅಂಗೈ ಚಾಚಿದಳು. "ತೆಗೀರಿ. ಅಂಗಡಿ ಮುಚ್ಚಿಸಬೇಕು ಅಂತಿದ್ರೆ ನನ್ನ ಮುಖ ನೋಡಿ ಕೇಳ್ಬೇಕಿತ್ತು. ಆಗಲ್ಲ ಅಂತಿದ್ದೆ, ಅಷ್ಟೇ. ಮೊದಲು ಇವಳ ಹತ್ರ ತಪ್ಪಾಯ್ತು ಅನ್ನಿ."

ಅಳಿಯ ತಲೆ ತಗ್ಗಿಸಿ ಒಂಟಿ ಗಾಜನ್ನು ಅಂಗೈಗಿಟ್ಟ. "ತಪ್ಪಾಯ್ತಮ್ಮ," ಎಂದು ಗೊಣಗಿದ.

ಪಾಲಿಶ್‌ನ ಹೆಂಗಸು ಅವನತ್ತ ನೋಡಲೂ ಇಲ್ಲ. ಅವರ್ಣಕವನ್ನು ಕೊಳವೆಯಿಂದ ಬಿಚ್ಚಿ, ಒರೆಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಮೇಲ್ವಿಚಾರಕನ ಕೈಗೆ ತಾನೇ ಕೊಟ್ಟಳು.

ಮಹಡಿಯಿಂದ ಕೂಗು ಬಂತು. "ಏನಾಯ್ತೇ? ಅಂಚಲ್ಲಿ ಬಣ್ಣ ಕಂಡಿತಾ?"

"ಒಂದೆಳೆಯೂ ಇಲ್ಲ ಅಣ್ಣಾ!" ಎಂದು ಅತ್ತೆ ಮನೆಯೆಲ್ಲ ಕೇಳುವಂತೆ ಕೂಗಿದಳು.