ಹಚ್ಚೆ ನುಂಗಿದ ಬೆಳಕು

ಕತ್ತಿನ ಮೇಲೆ ಕುಡುಗೋಲು. ಬೆನ್ನಿಗೆ ಮಾವಿನ ಮರ.

"ಅಲ್ಲಾಡಿದ್ರೆ ಕುಯ್ದ್‌ಬಿಡ್ತೀನಿ!"

ನಾನು ಅಲ್ಲಾಡಲಿಲ್ಲ. ಮುಳಬಾಗಿಲಿನಿಂದ ಬೈರಕೂರಿನ ತೋಪಿನವರೆಗೂ ಇವನ ಲೂನಾ ಅಟ್ಟಿಸ್ಕೊಂಡು ಬಂದೋನು ನಾನು. ಸಿಕ್ಕಿಬಿದ್ದೋನೂ ನಾನೇ ಸ್ವಾಮಿ.

ಇವನು ಆಂಜಿನಪ್ಪ. ಮಂಡಿನೋವಿನ ಕ್ಯಾಂಪಿನಿಂದ ಡಾಕ್ಟರ್ ಸೌಪರ್ಣಿಕಾ ಅವರ ಮಿಷಿನ್ ಎತ್ಕೊಂಡು ಬಂದಿದ್ದ. ಕುಯ್ಯೋದಿಲ್ಲ, ಚುಚ್ಚೋದಿಲ್ಲ. ಚರ್ಮದ ಮೇಲೆ ಬೆಳಕು ಬಿಟ್ರೆ ಒಳಗಿನ ಮಾಂಸ, ಕೀಲಿನ ಮೆತ್ತೆ, ಎಲ್ಲಾ ಸ್ಕ್ರೀನ್ ಮೇಲೆ ಕಾಣತ್ತೆ. ಪೊಲೀಸ್ ಪೇದೆ ನಾನು, ಅದನ್ನ ವಾಪಸ್ ತರೋದು ನನ್ನ ಡ್ಯೂಟಿ.

"ಮಾರಕ್ಕೆ ಕದ್ಯಾ?"

"ಮಾರಕ್ಕಾ? ನನ್ ಮಗ್ಳು ನಾಗವೇಣಿ ಸ್ಟೇಟ್‌ಗೆ ಖೋ ಖೋ ಆಡೋಳು. ಮಂಡಿ ಒಳಗೆಲ್ಲಾ ಕಪ್ಪು, ಮೆತ್ತೆ ಸವೆದೋಗದೆ, ಇನ್ನು ಓಡಂಗಿಲ್ಲ ಅಂದ್ಬಿಟ್ರು ಕ್ಯಾಂಪಿನೋರು. ಇನ್ನೊಂದ್ಸಲ ನೋಡ್ರಿ ಅಂದೆ. ಆಚೆಗೆ ತಳ್ಳಿದ್ರು."

ಕುಡುಗೋಲಿನ ತುದೀಲೇ ನನ್ನನ್ನ ಶೆಡ್ಡಿಗೆ ನಡೆಸಿದ. ಹುಡುಗಿ ಮಾವಿನ ಕ್ರೇಟ್ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಿಷಿನ್, ಅಜ್ಜಿ ಮುನಿಯಲ್ಲಮ್ಮ.

ಹುಡುಗಿಯ ಎಡ ಮಂಡಿಯ ಮುಂದೆಲ್ಲಾ ಒತ್ತೊತ್ತಾಗಿ ಹಚ್ಚೆ ಚುಕ್ಕಿ.

"ಇದೇನಜ್ಜಿ?"

"ಪಚ್ಚಬೊಟ್ಟು ನಾಯನಾ. ಮಂಡಿನೋವಿಗೆ ನಮ್ಮಲ್ಲಿ ಇದೇ ಮದ್ದು. ನಾನೇ ಹಾಕಿಸ್ದೆ."

"ಕ್ಯಾಂಪಲ್ಲಿ ಬೆಳಕು ಇದರ ಮೇಲೇ ಬಿಟ್ರಾ?"

"ಹೂಂ," ಅಂದಳು ಹುಡುಗಿ.

ತಕ್ಷಣ ಡಾಕ್ಟರಿಗೆ ಫೋನ್ ಹಾಕಿ ಸ್ಪೀಕರ್ ಆನ್ ಮಾಡಿದೆ.

"ಹಚ್ಚೆ ಬೆಳಕನ್ನ ನುಂಗತ್ತೆ ರೀ... ಆ ಕಪ್ಪು ಅದರದ್ದೇ ಇರಬಹುದು. ನಮ್ಮೋರು ಗಮನಿಸಿಲ್ಲ. ಹಚ್ಚೆ ಇಲ್ಲದ ಕಡೆ, ಮಂಡಿ ಒಳಮಗ್ಗುಲಲ್ಲಿ, ಬರೀ ಚರ್ಮದ ಮೇಲಿಟ್ಟು ನೋಡಿ. ಮೊದಲು ಚೆನ್ನಾಗಿರೋ ಬಲಗಾಲು, ಆಮೇಲೆ ಎಡಗಾಲು."

ಕುಡುಗೋಲು ಕೆಳಗಿಳೀತು. ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡು ನಕ್ಕಳು. ನನ್ನ ಹೊಟ್ಟೆಗೂ ಹಾಲು ಹೊಯ್ದಂಗಾಯ್ತು.

ಡಾಕ್ಟರ್ ಹೇಳಿದಂಗೆ ಮೊದಲು ಬಲಗಾಲು ನೋಡಿದೆ. ಮೂಳೆ ಮೇಲೆ ದಪ್ಪ ಬಿಳಿ ಪಟ್ಟಿ. ಅದೇ ಮೆತ್ತೆ.

ಆಮೇಲೆ ಎಡಗಾಲು.

"ಪಟ್ಟಿ ಕಾಣ್ತಿದ್ಯಾ?" ಡಾಕ್ಟರ್ ಕೇಳಿದರು.

ಕಪ್ಪು ಇರಲಿಲ್ಲ. ಹಚ್ಚೆಯ ನೆರಳೂ ಇರಲಿಲ್ಲ. ಪಟ್ಟಿಯೂ... ಇರಲಿಲ್ಲ.

"ಇಲ್ಲ ಮೇಡಂ."

"ಹಂಗಾದ್ರೆ ಮೆತ್ತೆ ಸವೆದಿರೋದು ನಿಜ ರೀ," ಅಂದರು ಡಾಕ್ಟರ್. ಹುಡುಗಿ ಸ್ಕ್ರೀನನ್ನೇ ನೋಡ್ತಿದ್ದಳು. ಆಮೇಲೆ ತಾನೇ ಸ್ವಿಚ್ ಆಫ್ ಮಾಡಿದಳು.

"ಅಪ್ಪಾ, ಕೊಟ್ಬಿಡು. ಅಜ್ಜೀ, ಅಳ್ಬೇಡ ಕಣೇ. ನಿನ್ ಹಚ್ಚೆ ಏನೂ ಮಾಡಿಲ್ಲ."

ಎಷ್ಟೋ ಜನರ ಹಲ್ಲು ಉದುರಿಸಿದೋನು ನಾನು, ಆ ಮಗು ಮುಖ ನೋಡಕ್ಕಾಗಲಿಲ್ಲ.

ಆಂಜಿನಪ್ಪ ಎರಡೂ ಕೈ ಚಾಚಿದ.

"ನಡೀರಿ ಸಾರ್, ಸ್ಟೇಷನ್ನಿಗೆ."

"ಮಗಳನ್ನ ಕರ್ಕೊಂಡು ಮನೆಗೆ ನಡಿ."

ಮಿಷಿನ್ ತಂದು ಸ್ಟೇಷನ್ ಟೇಬಲ್ ಮೇಲಿಟ್ಟೆ. ಕಳ್ಳ ಎಲ್ಲಯ್ಯಾ ಅಂದರು ಸಾಹೇಬರು.

ಓಡಿಹೋದ ಅಂದೆ... ಆ ಮನೇಲಿ ಓಡ್ತಿದ್ದೋಳು ಒಬ್ಬಳೇ ಸ್ವಾಮಿ, ಅವಳೂ ನಿಂತುಬಿಟ್ಟಳು.