ಹದಿನೇಳನೆಯ ನಂಬರಿನ ಮಾತು

ಅಕ್ಕನ ಮಗಳು ಗೌರಾಬಾಯಿ ತನಗೇ ಸಲ್ಲಬೇಕೆಂದು ಸಿದ್ದರಾಯ ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಂಬಿದ್ದ. ಅವಳು ಮಾತ್ರ ಹಿರಿಯರ ಮುಂದೆಯೇ ಅವನನ್ನು ಒಲ್ಲೆ ಎಂದು, ಕರೆಂಟಿನ ಕಂಬ ಹತ್ತುವ ಖಂಡಪ್ಪನ ಕೈ ಹಿಡಿದು ಘೋಣಸಗಿಗೆ ಹೋದಳು. ಎಪ್ಪತ್ತೊಂದರ ಮಾತು. ಮೂರು ವರ್ಷ ಸಿದ್ದರಾಯ ಹಬ್ಬಕ್ಕೆ ಕರೆದರೆ ಹೋದ, ಹೋಳಿಗೆ ಉಂಡ, ಖಂಡಪ್ಪನ ಹೆಗಲ ಮೇಲೆ ಕೈ ಹಾಕಿ ನಕ್ಕ. ಹೊಟ್ಟೆಯ ಕಿಚ್ಚು ಯಾರಿಗೂ ಕಾಣಲಿಲ್ಲ.

ಟಿಕೋಟಾ ಕಡೆಯ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವನು ಆಪರೇಟರ್. ಎದುರಿಗೆ ಬೋರ್ಡು, ಅದರಲ್ಲಿ ಐವತ್ತು ತೂತು, ಒಂದೊಂದಕ್ಕೂ ಒಂದು ನಂಬರು, ಒಂದು ಪುಟ್ಟ ಮುಚ್ಚಳ. ಅತ್ತಲಿಂದ ಯಾರಾದರೂ ಫೋನಿನ ಹಿಡಿ ತಿರುವಿದರೆ ಆ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಇವನು ವಾಯರು ಚುಚ್ಚಿ, ಬೇಕಾದವರ ನಂಬರು ಆರಿಸಿ ಜೋಡಿಸಬೇಕು. ನಾಲ್ಕನೆಯದು ಕರೆಂಟ್ ಆಫೀಸು, ಹದಿನೇಳನೆಯದು ಘೋಣಸಗಿಯ ಮಲ್ಲಿಕಸಾಬನ ಅಂಗಡಿ. ಕಣ್ಣು ಮುಚ್ಚಿಯೂ ಆರಿಸಬಲ್ಲ. ಯಾರ ಮಾತು ಯಾರ ಕಿವಿ ಮುಟ್ಟಬೇಕೆಂಬುದು ತನ್ನ ಎರಡು ಬೆರಳಲ್ಲಿದೆ ಎಂದು ಒಂದು ಮಧ್ಯಾಹ್ನ ಅವನಿಗೆ ಹೊಳೆಯಿತು. ಆಮೇಲೆ ಅವನು ಅವಸರ ಮಾಡಲಿಲ್ಲ.

ಘೋಣಸಗಿಯ ದನಿ ಸಣ್ಣಗೆ ಕೇಳುತ್ತಿತ್ತು. ಹಾಗಾಗಿ ಅಲ್ಲಿಯ ಮಾತನ್ನು ತಾನೇ ಕೇಳಿಸಿಕೊಂಡು ಮುಂದೆ ಹೇಳುವುದು, ಅವರ ಬಾಯಿಮಾತನ್ನು ಇದ್ದದ್ದು ಇದ್ದ ಹಾಗೆ ಚೀಟಿಯಲ್ಲಿ ಬರೆದಿಡುವುದು ರೂಢಿ. ಕಂಬದ ಕೆಲಸವಿದ್ದಾಗ ಕರೆಂಟು ತೆಗೆಸುವುದೂ ಬಿಡಿಸುವುದೂ ಹೀಗೆಯೇ. ಗಂಡ ಕಂಬದ ಮೇಲಿರುವಾಗ ಬುತ್ತಿ ತಂದ ಗೌರಾಬಾಯಿ ಅವನ ಪರವಾಗಿ ಒಂದಲ್ಲ ಒಂದು ದಿನ ಫೋನು ಮಾಡಿಯೇ ಮಾಡುತ್ತಾಳೆ. ಅವಳ ಮಾತನ್ನು ತಿರುವಿ ಹೇಳಿದರಾಯಿತು. ಖಂಡಪ್ಪ ಹೋಗುತ್ತಾನೆ, ಗಂಡನನ್ನು ಬಾಯಿಂದಲೇ ಕೊಂದವಳೆಂದು ಊರು ಅವಳಿಗೆ ಉಗಿಯುತ್ತದೆ. ಅಳುವ ಹೆಂಗಸಿಗೂ ಬರೆದ ಚೀಟಿಗೂ ಜಗಳ ಬಿದ್ದರೆ ಸರಕಾರ ಚೀಟಿಯನ್ನೇ ನಂಬುತ್ತದೆ.

ಹೋಳಿ ಮುಗಿದ ವಾರ ಹದಿನೇಳರ ಮುಚ್ಚಳ ಬಿತ್ತು.

“ಮಾಮಾ, ನಾ ಗೌರಾ. ಅವರಿನ್ನೂ ಕಂಬದ ಮ್ಯಾಲ ಅದಾರ. ಅರ್ಧಾ ತಾಸ ಕರೆಂಟ ಬಿಡಬ್ಯಾಡ್ರಿ ಅಂತ ಹೇಳಬೇಕಂತ.”

“ಆತವಾ, ಹೇಳ್ತೀನಿ. ನೀ ಬಿಸಲಾಗ ನಿಂದರಬ್ಯಾಡ.”

ವಾಯರು ಕಿತ್ತು ನಾಲ್ಕಕ್ಕೆ ಚುಚ್ಚಿದ. “ಘೋಣಸಗ್ಯಾಗ ಕೆಲಸ ಮುಗದೈತಂತ್ರಿ. ಲೈನ್ ಬಿಡ್ರಿ.” ಆಮೇಲೆ ವೇಳೆ ಹಾಕಿ, ಯಾರಿಗೂ ಅನುಮಾನ ಉಳಿಯದಂತೆ ಬಿಡಿಬಿಡಿ ಅಕ್ಷರದಲ್ಲಿ ಚೀಟಿ ಬರೆದ.

ಖಂಡಪ್ಪನ ಹೆಣಕ್ಕೆ ಅವನೂ ಹೆಗಲು ಕೊಟ್ಟ. ನಾಲ್ಕನೆಯ ದಿನ ವಿಜಾಪುರದ ಫೌಜದಾರ ಬಂದು ಖಂಡಪ್ಪನ ಮನೆಯ ಪಡಸಾಲೆಯಲ್ಲಿ ಕುಳಿತ. “ಆಕಿ ಫೋನ್ ಮಾಡಿದ್ದು ಖರೇರಿ,” ಎಂದ ಮಲ್ಲಿಕಸಾಬ. “ಏನ್ ಮಾತಾಡಿದ್ಳು ಕೇಳಿಲ್ರಿ, ಗಿರಾಕಿ ಇದ್ರು.” ಗೌರಾಬಾಯಿ ತಾನು ಹೇಳಿದ್ದನ್ನೇ ಹೇಳುತ್ತ ಅತ್ತಳು. ಎಲ್ಲ ಅಂದುಕೊಂಡಂತೆಯೇ ನಡೆದಿತ್ತು. ಸಿದ್ದರಾಯ ತಲೆ ಬಗ್ಗಿಸಿ ಚೀಟಿ ಮುಂದಿಟ್ಟ.

ಫೌಜದಾರ ಗಟ್ಟಿಯಾಗಿ ಓದಿದ: “ನಾ ಗೌರಾಬಾಯಿ. ಖಂಡಪ್ಪ ಕಂಬ ಇಳದಾನ. ಖಂಡಪ್ಪನ ಕೆಲಸ ಮುಗದೈತಿ, ಲೈನ್ ಬಿಡ್ರಿ.” ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಂಡಪ್ಪನ ತಾಯಿ ಲಕ್ಕವ್ವ ಮುಂದೆ ಬಂದಳು. “ಸಾಹೇಬ್ರ, ಇನ್ನೊಮ್ಮಿ ಓದ್ರಿ.” ಓದಿದ. “ನಮ್ಮ ಸೊಸಿ ಇವತ್ತಿನ ತನಕ ನನ್ನ ಮಗನ ಹೆಸರ ಬಾಯಾಗ ತಂದಿಲ್ರಿ. ರೇಶನ್ ಕಾರ್ಡ ಬರಸುವಾಗ ಸೈತ ನನ್ನ ಕಡಿಂದ ಹೇಳಿಸ್ಯಾಳ.” ಫೌಜದಾರನ ಮನೆಯಲ್ಲೂ ಹೆಂಡತಿ ಇದ್ದಳು. ಅವನು ಚೀಟಿಯಿಂದ ಕಣ್ಣೆತ್ತಿ ಸಿದ್ದರಾಯನನ್ನೇ ನೋಡಿದ. ಊರಿನ ಕೂಸಿಗೂ ಗೊತ್ತಿದ್ದ ಸಂಗತಿ, ಐವತ್ತು ನಂಬರು ಬಾಯಿಪಾಠವಿದ್ದ ಸಿದ್ದರಾಯನಿಗೆ ಮಾತ್ರ ನೆನಪಾಗಿರಲಿಲ್ಲ. ಅವನ ಹೆಸರು ಹೇಳಲು ನಾಚುವವರು ಅವನ ಮನೆಯಲ್ಲಿ ಯಾರೂ ಇರಲಿಲ್ಲ.