ಗೋಡೆ ಕಡೆಯ ಕೆನ್ನೆ

ಹೆಬ್ಬೆರಳುದ್ದದ ಬೊಂಬೆಗೆ ನಾನು ಬಣ್ಣ ಬಳಿದರೆ, ಜೀವವಿದೆಯೆಂದು ಸೊಳ್ಳೆ ಬಂದು ಕಚ್ಚಿ ನೋಡುತ್ತದೆ. ಬೆಳಕು ಬೀಳುವ ಕಡೆ ತಿಳಿಬಣ್ಣ, ಎದುರು ಕಡೆ ನೆರಳು. ಇದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಅವನಪ್ಪನಿಗೆ ಮದುವೆಯೂ ಆಗಿಲ್ಲ. ಆದರೆ ಈಗ ಹೇಳುವುದರಲ್ಲಿ ಎಳ್ಳಷ್ಟೂ ಸೇರಿಸಿಲ್ಲ.

ಭಾವ ತೀರಿಕೊಂಡು ವರ್ಷವಾಗಿತ್ತು. “ಅವರ ಮುಖಾನೇ ಮರೆತುಹೋಗ್ತಿದೆ ಕಣೋ. ಒಂದು ಬೊಂಬೆ ಮಾಡಿಕೊಡು,” ಎಂದಳು ಅಕ್ಕ.

ಅವಳ ಮೇಜಿನ ಒಂದು ಪಕ್ಕ ಕಿಟಕಿ, ಇನ್ನೊಂದು ಪಕ್ಕ ಬರೀ ಗೋಡೆ. ಹಾಗಾಗಿ ಕಿಟಕಿ ಕಡೆಯ ಕೆನ್ನೆಗೆ ಬೆಳಕು ಬಳಿದೆ, ಗೋಡೆ ಕಡೆಯದಕ್ಕೆ ನೆರಳು. ಕಣ್ಣಿಗೊಂದೊಂದು ಬಿಳಿ ಚುಕ್ಕೆ ಇಟ್ಟು, ಆ ಮೇಜಿನ ಮೇಲೆ ಕೂರಿಸಿ ಬಂದೆ.

ಮರುದಿನ ಬೆಳಿಗ್ಗೆಯೇ ಅಕ್ಕನ ಫೋನು. “ಕುಡಿದು ಬಳಿದಿದ್ಯೇನೋ? ಎಲ್ಲಾ ಅದಲು ಬದಲು!”

ಹೋಗಿ ನೋಡಿದರೆ ಬೊಂಬೆ ಇಟ್ಟ ಹಾಗೇ ಇತ್ತು, ಆದರೆ ಗೋಡೆ ಕಡೆಯ ಕೆನ್ನೆ ಹೊಳೆಯುತ್ತಿತ್ತು, ಕಿಟಕಿ ಕಡೆಯದು ಕಪ್ಪಿಟ್ಟಿತ್ತು. ಅವಳೆದುರೇ ಕೂತು ತಿದ್ದಿದೆ. ಮೂರನೆಯ ದಿನ ಮತ್ತೆ ಅದೇ. ಗೋಡೆ ಮುಟ್ಟಿದೆ, ಬಿಸಿಲಿಗಿಟ್ಟ ತಟ್ಟೆಯಂತೆ ಬೆಚ್ಚಗಿತ್ತು. ಅದರಾಚೆ ಇರುವುದು ಕತ್ತಲೆಯ ಉಗ್ರಾಣ.

ಕುಂಚ ತೆಗೆದೆ. ಅಕ್ಕ ಕೈ ಹಿಡಿದಳು. “ಮುಟ್ಟಬೇಡ ಮಾರಾಯ. ಈಗ ನೆನಪಾಯ್ತು ನೋಡು, ಇದೇ ಅವರ ಮುಖ.”

ನಾನು ಭೂತಗನ್ನಡಿ ಹಿಡಿದು ನೋಡಿದೆ. ಭಾವನ ಕಣ್ಣಿನ ಬಿಳಿ ಚುಕ್ಕೆಗಳೊಳಗೆ ಒಂದೊಂದು ಪುಟ್ಟ ಕಿಟಕಿಯಿತ್ತು, ನಾಲ್ಕು ಗಾಜಿನದು. ಅಕ್ಕನ ಕಿಟಕಿಗಿರುವುದು ಎರಡೇ ಗಾಜು.

ಅಷ್ಟು ಸಣ್ಣದನ್ನು ಬರೆಯಲು ನನ್ನಿಂದಲೂ ಆಗುವುದಿಲ್ಲ.